ಬಲ್ಬ್ ಬದಲಿಸುವ ಮುಂಚೆ ವೋಲ್ಟೇಜ್ ಅಳೆಯಿರಿ

ಮಂಡ್ಯ ಸುತ್ತಮುತ್ತಲ ಹಳ್ಳಿಗಳಿಗೆ ಪೌರಾಣಿಕ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವುದು ನನ್ನ ಕೆಲಸ. ಕಿರೀಟ, ಭುಜಕೀರ್ತಿ, ಗದೆ, ಬಿಲ್ಲು ಎಲ್ಲವನ್ನೂ ನಾಲ್ಕು ತಗಡಿನ ಟ್ರಂಕಿಗೆ ತುಂಬಿ, ಹಳೆಯ ಓಮ್ನಿಯಲ್ಲಿ ಹಾಕಿಕೊಂಡು ಹೊರಡುತ್ತೇನೆ. ರಾತ್ರಿ ಶುರುವಾದ ನಾಟಕ ಮುಗಿಯುವುದು ಬೆಳಗಿನ ಜಾವಕ್ಕೆ. ಬಣ್ಣ ಅಳಿಸಿ, ಒಡವೆ ಎಣಿಸಿ, ಟ್ರಂಕಿಗೆ ಬೀಗ ಹಾಕಿ ಹೊರಡುವಾಗ ಇನ್ನೂ ಕತ್ತಲೆ. ವರ್ಷದಲ್ಲಿ ಎಷ್ಟೋ ರಾತ್ರಿ ನನಗೂ ರಸ್ತೆಗೂ ನಡುವೆ ಇರುವುದು ಗಾಡಿಯ ಮುಂದಿನ ಎರಡು ದೀಪ ಮಾತ್ರ.

ಇಲ್ಲಿಯ ರಾತ್ರಿ ರಸ್ತೆ ಹೇಗಿರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮಾತು ಬೇರೆ. ಅಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಅವೆಲ್ಲ ಸರ್ವಿಸ್ ರಸ್ತೆಯಲ್ಲಿ ಮತ್ತು ನಮ್ಮ ಹಳ್ಳಿ ರಸ್ತೆಗಳಲ್ಲಿ ಓಡಾಡುತ್ತವೆ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರೈಲರ್‌ಗಳು, ಎತ್ತಿನ ಗಾಡಿಗಳು ಸಿಗುತ್ತವೆ. ಹುರುಳಿ, ರಾಗಿ ಒಕ್ಕುವ ಕಾಲದಲ್ಲಿ ಟಾರ್ ರಸ್ತೆಯೇ ಕಣ. ಬೆಳೆ ಎತ್ತಿಕೊಂಡು ಹೋದ ಮೇಲೂ ಅಡ್ಡ ಇಟ್ಟ ಕಲ್ಲುಗಳು ಅಲ್ಲೇ ಉಳಿದಿರುತ್ತವೆ. ಚಳಿಗಾಲದ ಬೆಳಗಿನ ಜಾವ ನಾಲೆ ಬಯಲಿನ ಮಂಜಿಗೆ ಆಲೆಮನೆ ಹೊಗೆ ಸೇರಿದರೆ ಮುಂದಿನ ಸೇತುವೆಯ ಕಟ್ಟೆಯೇ ಕಾಣುವುದಿಲ್ಲ. ವಿಶ್ವೇಶ್ವರಯ್ಯ ನಾಲೆ ಏರಿಯ ರಸ್ತೆ ಎಲ್ಲರಿಗೂ ಗೊತ್ತಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಅದು ಆದದ್ದು ಹಗಲಲ್ಲಿ.

ನನಗೆ ಬುದ್ಧಿ ಬಂದದ್ದು ಒಂದು ಕಬ್ಬಿನ ಗಾಡಿಯಿಂದ. ನಾಟಕ ಮುಗಿಸಿ ಬರುತ್ತಿದ್ದೆ, ನಾಲ್ಕೂವರೆ ಇರಬಹುದು. ಡಿಮ್ ಹಾಕಿಕೊಂಡು ಸುಮಾರು ಅರವತ್ತರಲ್ಲಿದ್ದೆ. ಕಬ್ಬಿನ ಸೋಗೆ ಕಂಡಾಗ ಅದು ಗದ್ದೆಯ ಅಂಚು ಅಂದುಕೊಂಡೆ. ಆಮೇಲೆ ಗದ್ದೆ ಅಲ್ಲಾಡಿತು. ಬ್ರೇಕ್ ಒತ್ತಿ ನಿಂತಾಗ ಗಾಡಿಗೂ ನನ್ನ ಬಂಪರಿಗೂ ಎರಡು ಮಾರು ದೂರ. ಹಿಂದೆ ಟ್ರಂಕುಗಳು ಸೀಟಿಗೆ ಬಂದು ಗುದ್ದಿದವು. ಗಾಡಿಯ ಯಜಮಾನ ಇಳಿದು ಬಂದು ಬೈಯಲಿಲ್ಲ. "ನಿಮ್ ಗಾಡಿ ಬತ್ತಾ ಇರೋದು ಸದ್ದಲ್ಲೇ ಗೊತ್ತಾಯ್ತು ಸ್ವಾಮಿ, ಬೆಳಕು ಕಾಣ್ಲೇ ಇಲ್ಲ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಲೆಕ್ಕ ಹಾಕಿ ನೋಡಿ. ಅರವತ್ತರಲ್ಲಿ ಗಾಡಿ ಸೆಕೆಂಡಿಗೆ 16 ಮೀಟರ್‌ಗಿಂತ ಜಾಸ್ತಿ ಹೋಗುತ್ತದೆ. ಕಣ್ಣಿಗೆ ಬಿದ್ದದ್ದು ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 25 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಬೇಕು. ಒಟ್ಟು 45 ಮೀಟರ್. ಒಳ್ಳೆಯ ಡಿಮ್ ಬೆಳಕು ತೋರಿಸುವುದೇ ಹೆಚ್ಚು ಕಡಿಮೆ ಅಷ್ಟು ದೂರ. ದೀಪ ಮಂಕಾದರೆ ಆ ಲೆಕ್ಕದಲ್ಲಿ ಕೈಗೆ ಏನೂ ಉಳಿಯುವುದಿಲ್ಲ.

ಮರುದಿನವೇ ಹೋಗಿ ಎಲ್‌ಇಡಿ ಬಲ್ಬ್ ಹಾಕಿಸಿಬಿಟ್ಟೆ. ಎಲ್ಲರೂ ಮಾಡುವುದು ಅದನ್ನೇ. ಬೋನೆಟ್ಟಿಲ್ಲದ ವ್ಯಾನ್ ಅಲ್ವಾ, ಮೂಗಿನ ಮುಂದೆಯೇ ಹಾಲಿನಂಥ ಬೆಳಕು ಬಿದ್ದಾಗ ಖುಷಿಯಾಯಿತು. ಮೂರನೇ ರಾತ್ರಿ ಎದುರಿಗೆ ಬಂದ ಬೈಕಿನ ಹುಡುಗ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆ ಬಿಟ್ಟು ಮಣ್ಣಿಗೆ ಇಳಿದ. ಬೀಳಲಿಲ್ಲ. ನಾನು ಗಾಡಿ ನಿಲ್ಲಿಸಿ ಕ್ಷಮೆ ಕೇಳಿದೆ. ಬೆಳಗ್ಗೆಯೇ ಆ ಬಲ್ಬ್ ಬಿಚ್ಚಿಸಿದೆ.

ಯಾಕೆ ಹಾಗಾಯಿತು ಅಂತ ನಮ್ಮ ಆಟೋ ಎಲೆಕ್ಟ್ರಿಷಿಯನ್ ಒಂದು ಹಳೆಯ ಬಲ್ಬನ್ನು ಕೈಗೆ ಕೊಟ್ಟು ತೋರಿಸಿದರು. ನೀವೂ ಒಂದು ಸುಟ್ಟ ಎಚ್4 ಬಲ್ಬ್, ಅಂದರೆ ಹೆಡ್‌ಲೈಟಿನ ಸಾದಾ ಹ್ಯಾಲೊಜೆನ್ ಬಲ್ಬ್ ಹಿಡಿದು ನೋಡಿ. ಒಳಗೆ ಎರಡು ತಂತಿಸುರುಳಿ ಇವೆ. ಡಿಮ್‌ದು 55 ವ್ಯಾಟ್, ಬ್ರೈಟ್‌ದು 60 ವ್ಯಾಟ್. ಡಿಮ್ ಸುರುಳಿಯ ಕೆಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಲೋಹದ ಬಟ್ಟಲು ಇದೆ. ಆ ಬಟ್ಟಲು ಬೆಳಕನ್ನು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬಿಡುತ್ತದೆ. ಕೆಳಗಿನ ಅರ್ಧಕ್ಕೆ ಬಿದ್ದಿದ್ದರೆ ಅದು ಎದುರಿನವರ ಕಣ್ಣಿಗೆ ಏರುತ್ತಿತ್ತು. ಸುರುಳಿ ಇರುವ ಜಾಗ, ಬಟ್ಟಲಿನ ಅಂಚು, ಹಿಂದಿನ ಕನ್ನಡಿ, ಮುಂದಿನ ಗಾಜಿನ ಗೀರು ಎಲ್ಲವೂ ಒಂದಕ್ಕೊಂದು ಹೊಂದುವಂತೆ ಮಾಡಿದ್ದು. ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಜಾಗದ ಆಕಾರವೇ ಬೇರೆ. ಅದನ್ನು ಈ ಕನ್ನಡಿಗೆ ಹಾಕಿದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲಾಡುತ್ತದೆ. ನಮ್ಮ ಮುಂದಿನ ನಾಲ್ಕು ಮಾರು ಬೆಳ್ಳಗಾಗುತ್ತದೆ, ದೂರದಲ್ಲಿ ಕಬ್ಬಿನ ಗಾಡಿ ಕತ್ತಲಲ್ಲೇ ಉಳಿಯುತ್ತದೆ. ಕಣ್ಣು ಕುಕ್ಕುವ ದೀಪಗಳ ಮೇಲೆ 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕೇಸು ಹಾಕಲು ಶುರು ಮಾಡಿದ್ದಾರೆ. ಆದರೆ ನಾನು ಬಿಚ್ಚಿಸಿದ್ದು ದಂಡಕ್ಕೆ ಹೆದರಿ ಅಲ್ಲ, ಆ ಹುಡುಗನ ಮುಖ ನೋಡಿ.

ಹಾಗಾದರೆ ಏನು ಮಾಡಬೇಕು? ಇರುವ ಬಲ್ಬಿಗೆ ಅದರ ಪಾಲಿನ ಕರೆಂಟ್ ಪೂರ್ತಿ ಸಿಗುತ್ತಿದೆಯಾ ನೋಡಬೇಕು. ಹಳೆಯ ವ್ಯಾನುಗಳಲ್ಲಿ ರೋಗ ಇರುವುದೇ ಅಲ್ಲಿ. ಬ್ಯಾಟರಿ ದೀಪದ ಪಕ್ಕದಲ್ಲಿಲ್ಲ. ಅಲ್ಲಿಂದ ಹೊರಟ ಕರೆಂಟ್ ಸಣ್ಣ ವೈರಿನಲ್ಲಿ ಫ್ಯೂಸ್, ಸ್ಟೀರಿಂಗ್ ಹತ್ತಿರದ ಸ್ವಿಚ್, ನಾಲ್ಕಾರು ಕಪ್ಲರ್ (ವೈರುಗಳನ್ನು ಸಿಕ್ಕಿಸುವ ಪ್ಲಗ್) ಎಲ್ಲ ದಾಟಿಕೊಂಡು ಮುಂದಕ್ಕೆ ಬರಬೇಕು. ಇಪ್ಪತ್ತು ವರ್ಷದ ಕಿಲುಬು ಎಲ್ಲ ಕಡೆ ಒಂದಿಷ್ಟು ತಿನ್ನುತ್ತದೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವ ಏನೆಂದರೆ ವೋಲ್ಟೇಜ್ ಸ್ವಲ್ಪ ಇಳಿದರೆ ಬೆಳಕು ತುಂಬಾ ಇಳಿಯುತ್ತದೆ. ನೂರಕ್ಕೆ ಐದು ಕಡಿಮೆಯಾದರೆ ಬೆಳಕಿನಲ್ಲಿ ಆರನೇ ಒಂದು ಭಾಗ ಹೋಗುತ್ತದೆ. ನೂರಕ್ಕೆ ಹತ್ತು ಕಡಿಮೆಯಾದರೆ ಸುಮಾರು 30 ಭಾಗ ಹೋಯಿತು.

ಅಳೆಯಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟಿಗೆ ಇಡಿ. ಇಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು ಹಿಡಿಯಲು ಒಬ್ಬರನ್ನು ಕೂರಿಸಿ. ನನಗೆ ಮಗ ಕೂತಿದ್ದ. ಡಿಮ್ ಹಾಕಿ. ಮೊದಲು ಬ್ಯಾಟರಿಯ ಎರಡೂ ಕೊನೆಗೆ ಮುಟ್ಟಿಸಿ ಬರೆದುಕೊಳ್ಳಿ. ಆಮೇಲೆ ದೀಪದ ಹಿಂದಿನ ರಬ್ಬರ್ ಟೋಪಿ ತೆಗೆಯಿರಿ. ಕಪ್ಲರ್ ಕಳಚಬೇಡಿ. ಬಲ್ಬ್ ಉರಿಯುತ್ತಿರುವಾಗಲೇ ಕಪ್ಲರಿನ ಹಿಂಭಾಗದಿಂದ ಮೀಟರಿನ ಕಡ್ಡಿ ತೂರಿಸಿ ಅಳೆಯಬೇಕು. ಕಳಚಿ ಅಳೆದರೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಅದು ಸುಳ್ಳು. ಭಾರ ಬಿದ್ದಾಗ ಮಾತ್ರ ನಿಜ ಹೊರಗೆ ಬರುತ್ತದೆ.

ನನ್ನ ವ್ಯಾನಿನಲ್ಲಿ ಬ್ಯಾಟರಿ ಹತ್ತಿರ 13.9 ಇತ್ತು. ಬಲ್ಬಿನ ಹತ್ತಿರ 11.4. ಎರಡೂವರೆ ವೋಲ್ಟ್ ದಾರಿಯಲ್ಲೇ ಹೋಗಿತ್ತು! ಬಲ್ಬಿನ ಬೆಳಕನ್ನು ಕಂಪನಿಯವರು ಅಳೆಯುವುದು 13.2 ವೋಲ್ಟಿನಲ್ಲಿ. ಆ ಲೆಕ್ಕಕ್ಕೆ ನನಗೆ ಸಿಗುತ್ತಿದ್ದದ್ದು ನೂರಕ್ಕೆ ಅರವತ್ತು. ಆ ರಾತ್ರಿ ನಾನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದೀಪದಲ್ಲಿ ಪೂರ್ತಿ ವೇಗದಲ್ಲಿ ಬರುತ್ತಿದ್ದೆ.

ಮೊದಲ ರಿಪೇರಿಗೆ ದುಡ್ಡೇ ಬೇಡ. ಮೀಟರಿನ ಒಂದು ಕಡ್ಡಿ ಬಲ್ಬಿನ ಅರ್ತ್ ಪಿನ್ನಿಗೆ (ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಅದು), ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ದೀಪ ಉರಿಯುತ್ತಿರುವಾಗ 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ ಅಂತಲೇ ಅರ್ಥ. ನನಗೆ 0.6 ಬಂತು. ಅರ್ತ್ ವೈರ್ ಗಾಡಿಯ ತಗಡಿಗೆ ಕೂತ ಸ್ಕ್ರೂ ಬಿಚ್ಚಿದಾಗ ವಾಷರಿನ ಕೆಳಗೆ ತುಕ್ಕು ಅರಿಶಿನ ಪುಡಿಯ ಹಾಗೆ ಉದುರಿತು. ಉಪ್ಪುಕಾಗದದಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಸ್ಕ್ರೂ ಕೂರುವ ಲೋಹದ ಬಳೆ) ಹಾಕಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದೆ. ಬಲ್ಬಿನ ಹತ್ತಿರ 11.9 ಆಯಿತು.

ಇನ್ನು ರಿಲೇ, ಅಂದರೆ ಸಣ್ಣ ಕರೆಂಟಿನ ಅಪ್ಪಣೆಗೆ ದೊಡ್ಡ ಕರೆಂಟನ್ನು ಬಿಡುವ ಪುಟ್ಟ ಡಬ್ಬಿ. ಪೂರ್ತಿ ಕೆಲಸದ ಜೀವ ಇದು, ನಿಧಾನವಾಗಿ ಓದಿ. ಹಳೆಯ ದಾರಿಯಲ್ಲಿ ದೀಪದ ಕರೆಂಟೆಲ್ಲ ಸ್ವಿಚ್ಚಿನ ಮೂಲಕ ಹೋಗುತ್ತದೆ. ರಿಲೇ ಹಾಕಿದರೆ ಸ್ವಿಚ್ ಬರೀ ಅಪ್ಪಣೆ ಕೊಡುತ್ತದೆ. ಕರೆಂಟ್ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರ ಬಲ್ಬಿಗೆ ಬರುತ್ತದೆ. ಬೇಕಾಗುವುದು 12 ವೋಲ್ಟಿನ ನಾಲ್ಕು ಪಿನ್ ರಿಲೇ ಎರಡು, ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು. 30 ಅಥವಾ 40 ಆಂಪ್‌ನದು ತೆಗೆದುಕೊಳ್ಳಿ. ಪಿಂಗಾಣಿಯ ಎಚ್4 ಹೋಲ್ಡರ್ ಎರಡು, ಫ್ಯೂಸ್ ಹೋಲ್ಡರ್ ಎರಡು, 15 ಆಂಪ್ ಫ್ಯೂಸ್, ಸ್ಲೀವ್, ಕೇಬಲ್ ಟೈ. ಎಲ್ಲ ಸೇರಿಸಿದ ವೈರಿಂಗ್ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದು ಬೋನೆಟ್ ಒಳಗೆ ಬ್ಯಾಟರಿ ಇರುವ ಕಾರುಗಳ ಅಳತೆಯದು. ಓಮ್ನಿಗೆ ವೈರ್ ಉದ್ದ ಸಾಲುವುದಿಲ್ಲ. ಅದನ್ನು ಸಣ್ಣ ವೈರಿನಲ್ಲಿ ಗಂಟು ಹಾಕಿ ಉದ್ದ ಮಾಡಿದರೆ ಮತ್ತೆ ಮೊದಲಿನ ಕಥೆಯೇ. ಬ್ಯಾಟರಿಯಿಂದ ರಿಲೇವರೆಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್, ರಿಲೇಯಿಂದ ಬಲ್ಬಿಗೆ ಮತ್ತು ಬಲ್ಬಿನಿಂದ ಅರ್ತ್‌ಗೆ 2.5 ಹಾಕಿ. ಎರಡು ಬಲ್ಬಿಗೆ ಒಟ್ಟು 9 ಆಂಪ್ ಆಸುಪಾಸು ಹರಿಯುತ್ತದೆ. 4 ಚದರದ ವೈರಿನಲ್ಲಿ ಮೂರು ಮೀಟರ್‌ಗೆ ಕಳೆದುಹೋಗುವುದು 0.12 ವೋಲ್ಟ್ ಅಷ್ಟೇ.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ರಿಲೇ ಕೆಳಗೆ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್, ನಡುವೆ ಫ್ಯೂಸ್. ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನ ಒಳಗೆ ಇರಲಿ. ದೂರ ಇಟ್ಟರೆ ನಡುವಿನ ವೈರ್ ಉಜ್ಜಿ ಗಾಡಿಯ ತಗಡಿಗೆ ತಗುಲಿದಾಗ ಕಾಪಾಡುವವರು ಯಾರೂ ಇರುವುದಿಲ್ಲ. 87ರಿಂದ ಎರಡೂ ಬಲ್ಬಿಗೆ. ಐದು ಪಿನ್ ರಿಲೇ ಕೈಗೆ ಬಂದರೆ ನಡುವಿನ 87ಎ ಪಿನ್ನಿಗೆ ಏನೂ ಕೊಡಬೇಡಿ. ಎರಡು ರಿಲೇಗೂ ಬೇರೆ ಬೇರೆ ಫ್ಯೂಸ್ ಹಾಕಿ. ಡಿಮ್ ಫ್ಯೂಸ್ ಹೋದರೆ ನಾಲೆ ಏರಿಯ ಮೇಲೆ ಬ್ರೈಟ್ ಆದರೂ ಇರುತ್ತದೆ.

ಉಳಿದದ್ದು 85, 86. ಇವು ಅಪ್ಪಣೆಯ ಪಿನ್ನುಗಳು. ಹಳೆಯ ಕಪ್ಲರ್ ಒಂದರಲ್ಲಿ ಮೂರು ವೈರ್ ಇರುತ್ತವೆ: ಡಿಮ್, ಬ್ರೈಟ್, ಮತ್ತು ಎರಡಕ್ಕೂ ಸೇರಿದ ಒಂದು. ಯಾವುದು ಯಾವುದು ಅಂತ ಬಣ್ಣ ನೋಡಿ ನಂಬಬೇಡಿ, ಹಳೆಯ ಗಾಡಿಯಲ್ಲಿ ಯಾರ್ಯಾರೋ ಕೈ ಹಾಕಿರುತ್ತಾರೆ. ಈ ಪರೀಕ್ಷೆಗೆ ಮಾತ್ರ ನೆಗೆಟಿವ್ ವಾಪಸ್ ಹಾಕಿ ಮೀಟರ್ ಇಟ್ಟು ನೋಡಿ. ಡಿಮ್ ಹಾಕಿದಾಗ ಯಾವ ಎರಡರ ನಡುವೆ ವೋಲ್ಟೇಜ್ ಬರುತ್ತದೋ ಅವೇ ಡಿಮ್ ರಿಲೇಯ 85, 86ಕ್ಕೆ. ಬ್ರೈಟ್ ಹಾಕಿದಾಗ ಬರುವ ಎರಡು ಬ್ರೈಟ್ ರಿಲೇಗೆ. ಎರಡರಲ್ಲೂ ಬರುವ ವೈರೇ ಸೇರಿದ ವೈರ್. ಇನ್ನೊಂದು ಬದಿಯ ಹಳೆಯ ಕಪ್ಲರ್ ಈಗ ಬೇಡ. ಟೇಪ್ ಸುತ್ತಿ ಮೇಲಕ್ಕೆ ಕಟ್ಟಿಬಿಡಿ.

ಹೀಗೆ ಮಾಡುವುದಕ್ಕೆ ಕಾರಣ ಇದೆ. ಕೆಲವು ಗಾಡಿಗಳಲ್ಲಿ ಸ್ವಿಚ್ ಪ್ಲಸ್ ಕಡೆ ಇರುತ್ತದೆ, ಕೆಲವಲ್ಲಿ ನೆಗೆಟಿವ್ ಕಡೆ. ಸೇರಿದ ವೈರಿಗೂ ಬಾಡಿಗೂ ಮೀಟರ್ ಇಟ್ಟಾಗ ಪೂರ್ತಿ 12 ವೋಲ್ಟ್ ತೋರಿಸಿದರೆ ನಿಮ್ಮದು ನೆಗೆಟಿವ್ ಸ್ವಿಚ್. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಲ್ಲದ ಸಾದಾ ರಿಲೇಗೆ ಎರಡೂ ಒಂದೇ. ಆದರೆ ನೆಗೆಟಿವ್ ಸ್ವಿಚ್ಚಿನ ಗಾಡಿಯಲ್ಲಿ ಕೆಲಸ ಮುಗಿದ ಮೇಲೆ ಬ್ರೈಟ್ ಹಾಕಿ ಬಲ್ಬನ್ನು ಗಮನಿಸಿ. ಡಿಮ್ ರಿಲೇಯೂ ಬಿಡದೆ ಹಿಡಿದುಕೊಂಡಿದ್ದರೆ, ಅಥವಾ ಮೀಟರ್ ಬೋರ್ಡಿನ ನೀಲಿ ದೀಪ ಮಂಕಾದರೆ, ಹಾಗೆಯೇ ಓಡಿಸಬೇಡಿ. ಎರಡು ಸುರುಳಿ ಒಟ್ಟಿಗೆ ಉರಿದರೆ ಬಲ್ಬ್, ಹೋಲ್ಡರ್ ಎರಡೂ ಬೇಯುತ್ತವೆ. ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ "ನೆಗೆಟಿವ್ ಸ್ವಿಚ್" ಅಂತ ಹೇಳಿ, ಅವರಿಗೆ ಅರ್ಥವಾಗುತ್ತದೆ.

ವೈರ್ ಎಳೆಯುವಾಗ ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ ಅನ್ನುವುದು ನೆನಪಿರಲಿ. ಸೈಲೆನ್ಸರ್ ಪೈಪಿಗೂ ತಿರುಗುವ ಶಾಫ್ಟಿಗೂ ದೂರ ಇರಲಿ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬುಷ್ ಕೂರಿಸಿ. ರಿಲೇಯನ್ನು ಪಿನ್ ಕೆಳಗೆ ಬರುವಂತೆ, ಚಕ್ರದ ನೀರು ಎರಚದ ಕಡೆ ಕೂರಿಸಿ. ನಾವು ಈ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ತೆಗೆದುಕೊಂಡೆವು. ಸಂಜೆ ಅದೇ ಹಳೆಯ ಬಲ್ಬಿನ ಹತ್ತಿರ ಮೀಟರ್ ಇಟ್ಟಾಗ 13.4 ಬಂತು. ಮಗ "ಅಪ್ಪಾ, ಬೇರೆ ಬಲ್ಬ್ ಹಾಕಿದ್ರಾ?" ಅಂದ.

ಬಲ್ಬ್ ಬದಲಿಸುವುದು ಇದಾದ ಮೇಲೆ. ಒಳ್ಳೆಯ ಕಂಪನಿಯ ಸಾದಾ 60/55 ವ್ಯಾಟಿನ ಜೋಡಿ ಹಾಕಿ, ಎರಡನ್ನೂ ಒಟ್ಟಿಗೆ ಬದಲಿಸಿ. 100/90 ವ್ಯಾಟಿನದು ಅಂಗಡಿಯಲ್ಲಿ ಕೊಡುತ್ತಾರೆ, ಬೇಡ ಅನ್ನಿ. ರಸ್ತೆಗೆ ಅದಕ್ಕೆ ಅನುಮತಿ ಇಲ್ಲ, ಬಿಸಿಗೆ ರಿಫ್ಲೆಕ್ಟರಿನ ಹೊಳಪೂ ಸುಡುತ್ತದೆ. ನೀಲಿ ಬಣ್ಣ ಬಳಿದು ಬೆಳ್ಳಗೆ ಕಾಣಿಸುವ ಬಲ್ಬುಗಳೂ ಬೇಡ. ಆ ಬಣ್ಣ ಒಂದಷ್ಟು ಬೆಳಕನ್ನು ತಾನೇ ನುಂಗುತ್ತದೆ. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಜಾಗ ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ.

ದೀಪದ ಮುಖವನ್ನು ಉಗುರಿನಿಂದ ತಟ್ಟಿ ನೋಡಿ. ಗಾಜಾದರೆ ಸೋಪುನೀರು ಸಾಕು. ಪ್ಲಾಸ್ಟಿಕ್ ಆಗಿ ಹಳದಿ ತಿರುಗಿದ್ದರೆ 1000, ಆಮೇಲೆ 2000 ನಂಬರಿನ ನೀರುಕಾಗದದಲ್ಲಿ ಉಜ್ಜಿ ಪಾಲಿಶ್ ಹಾಕಿ, ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಸಿ. ಒಳಗಿನ ಕನ್ನಡಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಏನೂ ಮಾಡಲಾಗದು, ದೀಪದ ಡೂಮೇ ಬದಲಿಸಬೇಕು. ತೆಗೆದುಕೊಳ್ಳುವಾಗ ನಮ್ಮ ಹಾಗೆ ಎಡಬದಿಯಲ್ಲಿ ಓಡಿಸುವ ದೇಶದ ದೀಪವೇ ಆಗಿರಲಿ. ಡಿಮ್ ಬೆಳಕಿನ ಗೆರೆ ಎಡಗಡೆ ಮೇಲಕ್ಕೆ ಏರಬೇಕು. ಬಲಗಡೆ ಏರಿದರೆ ಅದು ಎದುರಿನವರ ಕಣ್ಣಿಗೆ.

ಕೊನೆಗೆ ಲೆವೆಲ್ ಹಿಡಿಯುವುದು. ಇದನ್ನು ಬಿಟ್ಟರೆ ಮೇಲಿನ ಕೆಲಸವೆಲ್ಲ ನೀರಿಗೆ ಹಾಕಿದ ಹಾಗೆ. ಸಮತಟ್ಟಾದ ನೆಲ, ಎದುರಿಗೊಂದು ಗೋಡೆ ಬೇಕು. ನಾನು ಅಕ್ಕಿ ಗಿರಣಿಯವರನ್ನು ಕೇಳಿಕೊಂಡೆ. ಭತ್ತ ಒಣಗಿಸುವ ಸಿಮೆಂಟ್ ಕಣಕ್ಕಿಂತ ಮಟ್ಟವಾದ ಜಾಗ ನಮ್ಮ ಕಡೆ ಎಲ್ಲಿದೆ? ಸುಣ್ಣದ ಗೋಡೆಗೆ ನೇರವಾಗಿ 10 ಮೀಟರ್ ದೂರ ವ್ಯಾನ್ ನಿಲ್ಲಿಸಿದೆವು. ನೆಲದಿಂದ ದೀಪದ ನಡುಬಿಂದುವಿನ ಎತ್ತರ ಅಳೆದು ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಅದರ ಕೆಳಗೆ 10 ಸೆಂಟಿಮೀಟರ್‌ಗೆ ಇನ್ನೊಂದು ಗೆರೆ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು, ಅಂದರೆ ಬಲಭಾಗದ ನೇರ ಅಂಚು, ಕೆಳಗಿನ ಗೆರೆಯ ಮೇಲೆ ಕೂರಬೇಕು. ಜಾಗ ಐದೇ ಮೀಟರ್ ಇದ್ದರೆ 5 ಸೆಂಟಿಮೀಟರ್. ಒಂದು ದೀಪಕ್ಕೆ ಬಟ್ಟೆ ಮುಚ್ಚಿ ಇನ್ನೊಂದನ್ನು ಸರಿ ಮಾಡಿ. ಒಂದು ಸ್ಕ್ರೂ ಮೇಲೆ ಕೆಳಗೆ, ಇನ್ನೊಂದು ಅಕ್ಕಪಕ್ಕ.

ನಾನು ಮೊದಲು ಖಾಲಿ ವ್ಯಾನಿನಲ್ಲಿ ಲೆವೆಲ್ ಹಿಡಿದಿದ್ದೆ. ಟ್ರಂಕ್ ತುಂಬಿಕೊಂಡು ಹೊರಟ ರಾತ್ರಿ ಬೆಳಕು ಹುಣಸೆ ಮರದ ಕೊಂಬೆಗೆ ಹೋಗುತ್ತಿತ್ತು. ಹಿಂದೆ ಭಾರ ಬಿದ್ದರೆ ಮೂತಿ ಏಳುತ್ತದೆ. ಆದ್ದರಿಂದ ನೀವು ರಾತ್ರಿ ಏನು ಹೇರುತ್ತೀರೋ ಅದನ್ನು ಹೇರಿ, ಟೈರಿಗೆ ಗಾಳಿ ಸರಿ ಇಟ್ಟು, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಲೆವೆಲ್ ಹಿಡಿಯಿರಿ. ಆಮೇಲೆ ಇಳಿದು ಹೋಗಿ ಎದುರಿಗೆ ನಿಂತು ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಇದಕ್ಕೆ ಅಳತೆ ಕೊಟ್ಟಿದೆ: ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣು ಕುಕ್ಕಬಾರದು. ನಾನು ಸ್ವಲ್ಪ ಬಗ್ಗಿ ಅಲ್ಲಿ ನಿಂತೆ. ಬೈಕಿನ ಮೇಲೆ ಕೂತವನ ಕಣ್ಣು ಹೆಚ್ಚು ಕಡಿಮೆ ಅಷ್ಟೇ ಎತ್ತರ. ವ್ಯಾನಿನ ನಂಬರ್ ಪ್ಲೇಟ್ ಓದಲು ಆಯಿತು.

ಮಂಜಿರುವ ಬೆಳಗಿನ ಜಾವ ಬ್ರೈಟ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್‌ನಲ್ಲೇ ನಲವತ್ತರ ಒಳಗೆ ಬನ್ನಿ. ವ್ಯಾನಿನಲ್ಲಿ ಒಂದು ಸುರುಳಿ ಕೆಂಪು ರೇಡಿಯಂ ಟೇಪನ್ನೂ ಇಟ್ಟುಕೊಂಡಿದ್ದೇನೆ. ಕಬ್ಬಿನ ಗಾಡಿ ಸಿಕ್ಕಿ ಯಜಮಾನರು ಒಪ್ಪಿದರೆ ಹಿಂದಿನ ಮರವನ್ನು ಬಟ್ಟೆಯಲ್ಲಿ ಒರೆಸಿ ಗೇಣುದ್ದದ ಎರಡು ಪಟ್ಟಿ ಅಂಟಿಸುತ್ತೇನೆ. ದೀಪ ಎಷ್ಟು ಚೆನ್ನಾಗಿದ್ದರೂ ಕರಿ ಸೋಗೆ ಬೆಳಕನ್ನು ವಾಪಸ್ ಕೊಡುವುದಿಲ್ಲ, ಟೇಪ್ ಕೊಡುತ್ತದೆ.

ಆರು ತಿಂಗಳಿಗೊಮ್ಮೆ, ಮಳೆಗಾಲ ಮುಗಿದ ಮೇಲೆ ತಪ್ಪದೆ, ಮತ್ತೆ ಬಲ್ಬಿನ ಹತ್ತಿರ ಮೀಟರ್ ಇಡಿ. ನಾನು ಒಡವೆ ಎಣಿಸುವ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಕಿನ ಜೊತೆ ಬರೆದಿಡುತ್ತೇನೆ. ಹೋದ ಸಲ 13.3 ಇತ್ತು. ಎಡಗಡೆಯ ಅರ್ತ್ ಸ್ಕ್ರೂ ಸ್ವಲ್ಪ ಸಡಿಲವಾಗಿತ್ತು, ಬಿಗಿ ಮಾಡಿದೆ.